ಮುಳುಗಿ ಎದ್ದ ಬಾಲೆ ಒಲಿಂಪಿಕ್ಸ್‌ಗೆ

ಮಗು ನೀರಿನಲ್ಲಿ ಮುಳುಗಿ ಬದುಕಿಬಂದರೆ ಹೆತ್ತವರು ಮಾಡುವುದೇನು? ಕೆರೆ, ಬಾವಿಗಳ ಕಡೆ ಸುಳಿಯದಂತೆ ಕಟ್ಟಪ್ಪಣೆ. ಡಾಬಕಾದಲ್ಲಾಗಲಿ, ಬೆಂಗಳೂರಿನಲ್ಲಾಗಲಿ ಇದೇ ಮಾತು.

ಬೆಂಗಳೂರಿನಲ್ಲಿ 1982ರಲ್ಲಿ ಜನಿಸಿದ ನಿಶಾ ಮಿಲ್ಲೆಟ್ ಐದನೇ ವಯಸ್ಸಿನಲ್ಲಿ ಮುಳುಗಿಹೋಗುವುದರಲ್ಲಿದ್ದರು. ಆದರೆ ತಂದೆ, ಮಗಳಿಗೆ ಈಜು ಬರಲೇಬೇಕೆಂದು ಹಟ ತೊಟ್ಟರು.

1999ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ನಿಶಾ ಗೆದ್ದದ್ದು 14 ಚಿನ್ನ! ಮರುವರ್ಷ ಸಿಡ್ನಿ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ತಮ್ಮ ಹೀಟ್ ಗೆದ್ದರೂ ಸೆಮಿಫೈನಲ್ ದಕ್ಕಲಿಲ್ಲ. ಎಲ್ಲ ಹೀಟ್‌ಗಳಿಂದ ಅತಿ ವೇಗದ 16 ಮಂದಿಗಷ್ಟೇ ಅಲ್ಲಿ ಅವಕಾಶ. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. 2004ರ ಅಥೆನ್ಸ್ ಕೈತಪ್ಪಿತು. ಆಮೇಲೆ ಅವರು ಮಕ್ಕಳಿಗೆ ಈಜು ಕಲಿಸಲು ನಿಂತರು.

ಪದಕ ಎಲ್ಲರಿಗೂ ಸಿಗದು. ಈಜು ಬಂದರೆ ಜೀವವಂತೂ ಉಳಿದೀತು. ಮಕ್ಕಳನ್ನು ಹೆದರಿಸಿ ದೂರವಿಡುವ ಬದಲು, ಬಲ್ಲವರ ಜೊತೆ ನೀರಿಗಿಳಿಸಿ.