ಟೋಪಿಯಿಂದ ಮೆದುಳಿಗೆ ಬೆಳಕು

ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗಬೇಕು. ಅಮ್ಮನ ಮಡಿಲಲ್ಲಿ ಆಡೋ ಮಗುವಿಗೆ ಅದು ಆಗೋ ಮಾತಾ? ಅಲ್ಲಿ ನೆರವಾಗೋದು ಎಫ್‌ಎನ್‌ಐಆರ್‌ಎಸ್ ಟೋಪಿ.

ಇದರ ತತ್ವ ನಮಗೆ ಗೊತ್ತಿರೋ ಪಲ್ಸ್ ಆಕ್ಸಿಮೀಟರ್‌ನದ್ದೇ. ಇನ್‌ಫ್ರಾರೆಡ್ ಬೆಳಕು ತಲೆಯೊಳಗೆ ಹೋಗಿ, ಸುಮಾರು 3 ಸೆಂ.ಮೀ. ಆಚೆ ಹೊರಬರುತ್ತೆ. ಆಮ್ಲಜನಕ ಇರುವ, ಇಲ್ಲದ ಹಿಮೋಗ್ಲೋಬಿನ್ ಅದನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಕೆಲಸ ಮಾಡುತ್ತಿರುವ ಮೆದುಳಿನ ಭಾಗಕ್ಕೆ ರಕ್ತ ಹೆಚ್ಚು ಹರಿಯೋದರಿಂದ, ಆ ವ್ಯತ್ಯಾಸ ಸಿಗ್ನಲ್‌ನಲ್ಲಿ ಕಾಣುತ್ತೆ.

ಬ್ರಿಟನ್ನಿನ ಸಂಶೋಧಕರು ಗ್ಯಾಂಬಿಯಾದ ಹಳ್ಳಿಗಾಡಿಗೂ ಈ ಟೋಪಿ ಒಯ್ದು, ಜನರ ಮುಖ, ಕೈಯಾಟದ ವಿಡಿಯೋ ನೋಡುವಾಗ ಶಿಶುಗಳ ಮೆದುಳು ಹೇಗೆ ಸ್ಪಂದಿಸುತ್ತೆ ಅಂತ ಅಳೆದಿದ್ದಾರೆ.

ತೊಡಕೂ ಇದೆ. ದಟ್ಟ ಕಪ್ಪು ಕೂದಲು ಬೆಳಕನ್ನು ನುಂಗುತ್ತೆ. ಅಂಥವರ ಡೇಟಾ ಕೈಬಿಟ್ಟರೆ, ‘ಮನುಷ್ಯರ ಮೆದುಳು’ ಎಂಬ ತೀರ್ಮಾನದಲ್ಲಿ ನಮ್ಮಂಥವರೇ ಇರಲ್ಲ. ಕೂದಲ ಬುಡ ಮುಟ್ಟೋ ಸೆನ್ಸರ್ ಬೇಕು. ಅದು ನಮ್ಮ ಕೆಲಸ.