ದೋಣಿಯ ಕಮೋಡಿನ ಹಿಂದಿನ ಪೈಪು

ಕಮೋಡಿನಿಂದಾಗಿ ದೋಣಿ ಮುಳುಗಬಹುದು ಎಂದರೆ ನಗಬೇಡಿ. ಹಾಯಿದೋಣಿಯ ಶೌಚಾಲಯ ಸಾಮಾನ್ಯವಾಗಿ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. 19 ಮಿ.ಮೀ. ಪೈಪಿನಲ್ಲಿ ಸಮುದ್ರದ ನೀರನ್ನು ಎಳೆದುಕೊಂಡು, 38 ಮಿ.ಮೀ. ಪೈಪಿನಲ್ಲಿ ಹೊಲಸನ್ನು ತಳ್ಳುವುದು ಕೈಪಂಪಿನ ಕೆಲಸ. ಪಂಪಿನ ರಬ್ಬರ್ ಕವಾಟ ಸವೆದಿದ್ದು, ದೋಣಿಯ ತಳದ ವಾಲ್ವನ್ನು ಮುಚ್ಚದೆ ಮಲಗಿದರೆ, ಬೆಳಗಾಗುವಷ್ಟರಲ್ಲಿ ಸಮುದ್ರವೇ ಬಟ್ಟಲು ತುಂಬಿ ಹೊರಚೆಲ್ಲಿರುತ್ತದೆ.

ಇದನ್ನು ತಡೆಯಲು ಪೈಪನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಕೊಂಡೊಯ್ದು, ಬಾಗಿಸಿ, ಮತ್ತೆ ಕೆಳಗಿಳಿಸುತ್ತಾರೆ. ಗಾಳಿಗೆ ದೋಣಿ ಒಂದು ಕಡೆ ವಾಲಿದಾಗಲೂ ಈ ಬಾಗು ನೀರಿಗಿಂತ ಎತ್ತರದಲ್ಲೇ ಇರಬೇಕು. ಎತ್ತರವೊಂದೇ ಸಾಲದು. ಪೈಪು ತುಂಬಿಕೊಂಡಿದ್ದರೆ ಸೈಫನ್ ಹುಟ್ಟಿ, ನೀರು ಏರನ್ನೂ ದಾಟಿ ಹರಿಯುತ್ತದೆ. ಅದಕ್ಕೇ ಬಾಗಿನ ನೆತ್ತಿಯಲ್ಲಿ ಗಾಳಿಯನ್ನು ಒಳಬಿಡುವ ಪುಟ್ಟ ಕವಾಟ. ಗಾಳಿ ಹೊಕ್ಕರೆ ಸೈಫನ್ ಮುರಿಯಿತು.

ಆದರೆ ಮುಳುಗದಂತೆ ಮಾಡಿದ ಈ ಏರೇ ನಾತಕ್ಕೆ ದಾರಿ. ಪಂಪು ನಿಲ್ಲಿಸಿದಾಗ, ಏರು ಹತ್ತಲಾರದ ಹೊಲಸು ಪೈಪಿನಲ್ಲೇ ನಿಲ್ಲುತ್ತದೆ. ಗಾಳಿಯಿಲ್ಲದಲ್ಲಿ ಬಾಳುವ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಸಲ್ಫೇಟನ್ನು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಅಗ್ಗದ ಪೈಪಿನಲ್ಲಿ ತೂತಿಲ್ಲ, ಒಂದು ಹನಿಯೂ ಸೋರುವುದಿಲ್ಲ, ಆದರೂ ನಾತ ಹೊರಗೆ ಬರುತ್ತದೆ! ಪ್ಲಾಸ್ಟಿಕ್ ಮೆತ್ತಗಾಗಲೆಂದು ಬೆರೆಸಿದ ರಾಸಾಯನಿಕಗಳು ಅದರ ಉದ್ದನೆಯ ಅಣುಗಳನ್ನು ಸಡಿಲಗೊಳಿಸಿರುತ್ತವೆ. ವಾಸನೆಯ ಅಣುಗಳು ಗೋಡೆಯೊಳಗೆ ಕರಗಿ, ಮೆಲ್ಲಗೆ ಸರಿದು ಆಚೆ ಬರುತ್ತವೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಂಗು ಮುಚ್ಚಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನುಮಾನವಿದ್ದರೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಪೈಪಿಗೆ ಸುತ್ತಿ, ಆರಿದ ಮೇಲೆ ಮೂಸಿ ನೋಡಿ. ಬಟ್ಟೆ ನಾರಿದರೆ ಪೈಪಿನ ಆಯುಸ್ಸು ಮುಗಿದಂತೆ. ಸುಗಂಧ ಸಿಂಪಡಿಸುವುದು ದಂಡ.

ಹೊಸದು ಕೊಳ್ಳುವಾಗ ಶೌಚದ ಕೆಲಸಕ್ಕೆಂದೇ ತಯಾರಿಸಿದ, ವಾಸನೆ ತಡೆಯುವ ಪದರವಿರುವ ಪೈಪನ್ನೇ ಕೇಳಬೇಕು. ಹೊರಮೈ ಸುರುಳಿ ಸುರುಳಿಯಾಗಿದ್ದರೂ ಒಳಮೈ ನುಣ್ಣಗಿರಬೇಕು, ಇಲ್ಲದಿದ್ದರೆ ಪ್ರತಿ ಮಡಿಕೆಯಲ್ಲೂ ಹೊಲಸು ಕೂರುತ್ತದೆ. ದಾರಿ ನೇರವಾಗಿದ್ದಲ್ಲಿ ಗಡಸು ಪಿವಿಸಿ ಹಾಕಿ, ತುದಿಗಳಲ್ಲಿ ಮಾತ್ರ ಮೆತ್ತನೆಯ ಪೈಪು ಕೊಡುವುದು ನನ್ನ ಮಟ್ಟಿಗೆ ಮೇಲು. ನಡುವೆ ಎಲ್ಲೂ ಜೋತುಬೀಳಬಾರದು. 38 ಮಿ.ಮೀ. ಪೈಪು ಮೀಟರಿಗೆ ಒಂದು ಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಏರಿನವರೆಗೆ ಎರಡು ಮೀಟರ್ ಇದ್ದರೆ, ಎರಡು ಲೀಟರಿಗಿಂತ ಹೆಚ್ಚು ನೀರು ಪಂಪಾಗುವ ತನಕ ಕೈ ಬಿಡಬಾರದು. ಅತಿಥಿಗಳು ಇದನ್ನು ಪಾಲಿಸುವುದಿಲ್ಲ, ಆ ಮಾತು ಬೇರೆ.

ಜೋಡಿಸುವಾಗ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಸೋಪು ಸವರಿದರೆ ಬಿಗಿಯಾದದ್ದೂ ಕೂರುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗಿನ ಜೋಡಣೆಗೆ ಎರಡೆರಡು ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್. ಅರ್ಧ ಮೀಟರ್ ಆಳದಲ್ಲಿ ದೊಡ್ಡ ಪೈಪು ಕಳಚಿಕೊಂಡರೆ ನಿಮಿಷಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು ನುಗ್ಗುತ್ತದೆ. ಅಗ್ಗದ ಕ್ಲಿಪ್ಪುಗಳಲ್ಲಿ ಪಟ್ಟಿ ಸ್ಟೇನ್‌ಲೆಸ್ ಆಗಿದ್ದು, ಸ್ಕ್ರೂ ಮಾತ್ರ ಸಾದಾ ಉಕ್ಕಿನದಾಗಿರುವುದುಂಟು; ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಅದೇ. ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಅಯಸ್ಕಾಂತ ಇರಲಿ: ಸ್ಕ್ರೂ ಗಟ್ಟಿಯಾಗಿ ಅಂಟಿಕೊಂಡರೆ ಬೇರೆ ಕ್ಲಿಪ್ ಕೇಳಿ.