ಕಾರ್ಟ್‌ನಲ್ಲೇ ಉಳಿದ ಕಾಫಿ ಪುಡಿ

ಆನ್‌ಲೈನ್ ಅಂಗಡಿಗೆ ಬಂದ ಗಿರಾಕಿ ಅರ್ಧ ಕೆ.ಜಿ. ಕಾಫಿ ಪುಡಿ, ಒಂದು ಬಾಟಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಆರಿಸಿ ಕಾರ್ಟ್‌ಗೆ ಹಾಕಿ, ವಿಳಾಸವನ್ನೂ ತುಂಬಿ, ದುಡ್ಡು ಕಟ್ಟುವ ಹೊತ್ತಿಗೆ ಹೊರಟುಹೋಗುವುದು ಈ ವ್ಯಾಪಾರದಲ್ಲಿ ದಿನನಿತ್ಯ ನಡೆಯುವಂಥದ್ದು. ಹಾಗೆ ಹೋದವರಿಗೆ ಸ್ವಲ್ಪ ಹೊತ್ತಿನ ಮೇಲೆ ಅಂಗಡಿಯ ಸಾಫ್ಟ್‌ವೇರ್ ತಾನಾಗಿ ಕಳಿಸುವ ಪತ್ರವನ್ನು ಅಬ್ಯಾಂಡನ್ಡ್ ಕಾರ್ಟ್ ಇಮೇಲ್ ಎನ್ನುತ್ತಾರೆ. ಡೆನ್ಮಾರ್ಕಿನ ಬೇಮಾರ್ಡ್ ಸಂಸ್ಥೆ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ತೆಗೆದ ಸರಾಸರಿಯಂತೆ, ಆನ್‌ಲೈನ್‌ನಲ್ಲಿ ತುಂಬಿದ ಕಾರ್ಟ್‌ಗಳ ಪೈಕಿ ಸುಮಾರು ಶೇ 70ರಷ್ಟು ಖರೀದಿಯಾಗದೆ ಉಳಿಯುತ್ತವೆ. ಇದೆಲ್ಲ ಕೈತಪ್ಪಿದ ವ್ಯಾಪಾರವಲ್ಲ. ಬೆಲೆ ಎಷ್ಟಾಗುತ್ತದೆ ನೋಡೋಣ ಎಂದೇ ಕಾರ್ಟ್ ತುಂಬುವವರು ಬಹಳ ಮಂದಿ. ಪತ್ರ ಬರೆಯಬೇಕಾದದ್ದು ಕೊಳ್ಳುವ ಮನಸ್ಸಿದ್ದೂ ಯಾವುದೋ ಒಂದು ಕಾರಣಕ್ಕೆ ನಿಂತುಹೋದವರಿಗೆ.

ಕಾಫಿ ಪುಡಿ, ಕಾಚಂಪುಳಿ ಮಾರುವ ಇಂಥ ಆನ್‌ಲೈನ್ ಅಂಗಡಿಗಳು ಕೊಡಗಿನಲ್ಲಿ ಹುಟ್ಟಿಕೊಳ್ಳಲು ಹಿನ್ನೆಲೆಯಿದೆ. 1940ರ ದಶಕದಿಂದ ಬೆಳೆಗಾರರ ಕಾಫಿ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಹೋಗಬೇಕಿತ್ತು. ತಮ್ಮ ತೋಟದ ಹೆಸರಿನಲ್ಲಿ ಪುಡಿ ಮಾಡಿ ಮಾರುವ ಮಾತೇ ಇರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ನಿಯಮ ಸಡಿಲವಾಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಆಮೇಲೆ ಎಸ್ಟೇಟ್ ಹೆಸರಿನ ಪೊಟ್ಟಣಗಳು ಬಂದವು, ಹೋಮ್‌ಸ್ಟೇಗಳು ಬಂದವು. ಮಡಿಕೇರಿಗೋ ವಿರಾಜಪೇಟೆಗೋ ಬಂದು ಉಳಿದವರು ಊರಿಗೆ ಮರಳಿದ ಮೇಲೆ ಅದೇ ಪುಡಿ, ಅದೇ ಜೇನು, ಅದೇ ಕಾಳುಮೆಣಸು ಮತ್ತೆ ಬೇಕೆಂದು ಕೇಳತೊಡಗಿದರು. 2019ರಲ್ಲಿ ಕೂರ್ಗ್ ಅರೇಬಿಕಾಕ್ಕೆ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಇಬ್ಬರು ಮೂವರೇ ಸೇರಿ ಹುರಿದು, ಪ್ಯಾಕ್ ಮಾಡಿ, ಕೊರಿಯರ್‌ಗೆ ಹಾಕುವ ಮನೆಯಂಗಡಿಗಳಿಗೆ ಬಿಟ್ಟುಹೋದ ಕಾರ್ಟ್ ದೊಡ್ಡ ಕಂಪನಿಗಳಂತೆ ಬರೀ ಅಂಕಿಯಲ್ಲ. ಒಂದೊಂದನ್ನೂ ತೆರೆದು ನೋಡಿ ಕಾರಣ ಊಹಿಸಲು ಸಾಧ್ಯವಿದೆ. ಈ ಅನುಕೂಲವನ್ನು ಅವು ಕಳೆದುಕೊಳ್ಳಬಾರದು.

ಕಾರಣಗಳ ಪಟ್ಟಿಯಲ್ಲಿ ಎಲ್ಲೆಡೆಯೂ ಮೊದಲು ನಿಲ್ಲುವುದು ಕೊನೆಯಲ್ಲಿ ಸೇರಿಕೊಳ್ಳುವ ಹೆಚ್ಚುವರಿ ಖರ್ಚು. ಕೊಡಗಿಗೆ ಇದು ಇನ್ನಷ್ಟು ತಟ್ಟುತ್ತದೆ. ಜಿಲ್ಲೆಗೆ ರೈಲಿಲ್ಲ; ಪಾರ್ಸೆಲ್ ಹೋಗಬೇಕಾದದ್ದು ರಸ್ತೆಯಲ್ಲೇ. ಅಂಚೆಯೂ ಕೊರಿಯರ್ ಕಂಪನಿಗಳೂ ಸಾಮಾನ್ಯವಾಗಿ 500 ಗ್ರಾಂ ಹಂತದ ಲೆಕ್ಕದಲ್ಲಿ ದುಡ್ಡು ಹಾಕುತ್ತವೆ. ಸರಿಯಾಗಿ ಅರ್ಧ ಕೆ.ಜಿ. ಪುಡಿಯನ್ನು ರಟ್ಟಿನ ಪೆಟ್ಟಿಗೆಗೆ ಹಾಕಿದೊಡನೆ ತೂಕ ಆ ಗೆರೆ ದಾಟಿ, ಶುಲ್ಕ ಮುಂದಿನ ಹಂತಕ್ಕೆ ಏರುತ್ತದೆ. ಜೇನಿನ ಗಾಜಿನ ಬಾಟಲಿಯಾದರೆ ಬಾಟಲಿಯ ತೂಕ ಬೇರೆ, ಒಡೆಯದಂತೆ ಸುತ್ತುವ ಖರ್ಚು ಬೇರೆ. ಪುಡಿಯ ಬೆಲೆ ಒಪ್ಪಿ ಬಂದ ಗಿರಾಕಿಗೆ ಕೊನೆಯ ಪುಟದಲ್ಲಿ ಇದು ಮೊದಲ ಬಾರಿಗೆ ಕಂಡರೆ ಅವರು ಹಿಂದೆ ಸರಿಯುವುದು ಸಹಜ. ಎಷ್ಟು ಚೆಂದದ ಪತ್ರ ಬರೆದರೂ ಈ ಪುಟದ ದೋಷ ನೀಗದು. ಪಿನ್‌ಕೋಡ್ ಹಾಕಿದ ಕೂಡಲೇ ಸಾಗಣೆ ಖರ್ಚು ತೋರಿಸುವುದು ಮೊದಲು ಆಗಬೇಕಾದ ಕೆಲಸ, ಪತ್ರ ಆಮೇಲಿನದು.

ಎರಡನೆಯ ಕಾರಣ ಪಾವತಿ. ಯುಪಿಐ ಆ್ಯಪ್‌ಗೆ ಹೋಗಿ ಮರಳಿ ಬರುವಷ್ಟರಲ್ಲಿ ಪುಟದ ಸಮಯ ಮುಗಿದಿರುತ್ತದೆ, ಕಾರ್ಡಿನ ಒಟಿಪಿ ಬರುವುದೇ ಇಲ್ಲ. ದುಡ್ಡು ಕಡಿತವಾಯಿತೋ ಇಲ್ಲವೋ ಎಂಬ ಅನುಮಾನದಲ್ಲಿ ಮತ್ತೊಮ್ಮೆ ಪ್ರಯತ್ನಿಸುವ ಧೈರ್ಯ ಬಹಳ ಜನಕ್ಕೆ ಇರುವುದಿಲ್ಲ. ಕ್ಯಾಶ್ ಆನ್ ಡೆಲಿವರಿ ಇಲ್ಲವೆಂದು ಹೋಗುವವರೂ ಇದ್ದಾರೆ. ಪಾರ್ಸೆಲ್ ವಾಪಸ್ ಬಂದರೆ ಎರಡೂ ಕಡೆಯ ಬಾಡಿಗೆ ಮೈಮೇಲೆ ಬರುವುದರಿಂದ ಸಣ್ಣ ಅಂಗಡಿಗಳು ಆ ಸೌಲಭ್ಯ ಕೊಡಲು ಹಿಂಜರಿಯುತ್ತವೆ.

ಪತ್ರ ಹೋಗಬೇಕಾದರೆ ಗಿರಾಕಿ ಇಮೇಲ್ ವಿಳಾಸ ಕೊಟ್ಟಿರಬೇಕು. ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರ್‌ಗಳ ಪೈಕಿ ಶಾಪಿಫೈನಲ್ಲಿ ಪತ್ರ ಕಳಿಸುವ ಸೌಲಭ್ಯ ಒಳಗೇ ಇದೆ. ವೂಕಾಮರ್ಸ್‌ಗೆ ಸಾಮಾನ್ಯವಾಗಿ ಪ್ಲಗಿನ್ ಸೇರಿಸಿಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಇಮೇಲ್‌ಗಿಂತ ಮೊಬೈಲ್ ನಂಬರ್ ಕೊಡುವ ರೂಢಿಯೇ ಹೆಚ್ಚು. ಆದರೆ ವ್ಯಾಪಾರದ ಎಸ್‌ಎಂಎಸ್ ಕಳಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮಗಳಂತೆ ನೋಂದಣಿ ಮಾಡಿಸಿ, ಸಂದೇಶದ ಮಾದರಿಗೆ ಮೊದಲೇ ಒಪ್ಪಿಗೆ ಪಡೆಯಬೇಕು. ಇಮೇಲ್‌ಗೆ ಅಂಥ ಒಪ್ಪಿಗೆ ಬೇಕಿಲ್ಲ, ಖರ್ಚೂ ಕಡಿಮೆ.

ಮೊದಲ ಪತ್ರ ಅದೇ ದಿನ, ಕೆಲವು ಗಂಟೆಗಳೊಳಗೆ ಹೋದರೆ ಒಳ್ಳೆಯದು. ಎರಡನೆಯದು ಒಂದೆರಡು ದಿನ ಬಿಟ್ಟು. ಮೂರನೆಯದು ಸಣ್ಣ ಅಂಗಡಿಗೆ ಶೋಭೆಯಲ್ಲ. ಒಕ್ಕಣೆ ಹೀಗಿರಬಹುದು:

"ನಮಸ್ಕಾರ. ನೀವು ಆರಿಸಿದ ಅರ್ಧ ಕೆ.ಜಿ. ಅರೇಬಿಕಾ ಪುಡಿ ನಿಮ್ಮ ಕಾರ್ಟ್‌ನಲ್ಲಿ ಹಾಗೇ ಇದೆ. ಇದಕ್ಕೆ ಚಿಕೋರಿ ಬೆರೆಸಿಲ್ಲ. ಫಿಲ್ಟರ್‌ಗೆ ಹೊಂದುವಂತೆ ಪುಡಿ ಮಾಡಿದ್ದೇವೆ. ಸಾಗಣೆಯೂ ಸೇರಿ ಒಟ್ಟು 480 ರೂಪಾಯಿ. ಪ್ರತಿ ಸೋಮವಾರ ಹುರಿದು, ಮಂಗಳವಾರ ಗೋಣಿಕೊಪ್ಪಲಿನಿಂದ ಕಳಿಸುತ್ತೇವೆ. ದುಡ್ಡು ಕಟ್ಟುವಾಗ ತೊಂದರೆಯಾಗಿದ್ದರೆ, ಏನಾದರೂ ಕೇಳುವುದಿದ್ದರೆ, ಈ ಪತ್ರಕ್ಕೇ ಉತ್ತರ ಬರೆಯಿರಿ."

ಇದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಕೊನೆಯ ಸಾಲು. ಉತ್ತರ ಬರೆಯಲಾಗದ ವಿಳಾಸದಿಂದ ಪತ್ರ ಕಳಿಸುವ ದೊಡ್ಡ ಕಂಪನಿಗಳ ರೀತಿಯನ್ನು ಮನೆಯಂಗಡಿ ಅನುಕರಿಸಿದರೆ ತನಗಿರುವ ಒಂದೇ ಮೇಲುಗೈಯನ್ನು ಬಿಟ್ಟುಕೊಟ್ಟಂತೆ. ಸಾಮಾನಿಗೆ ತಕ್ಕಂತೆ ಅನುಮಾನಗಳೂ ಬೇರೆ. ಕಾಫಿಯಾದರೆ ಚಿಕೋರಿ ಎಷ್ಟು, ಪುಡಿ ಎಷ್ಟು ನುಣುಪು ಎಂಬ ಪ್ರಶ್ನೆ. ಜೇನಾದರೆ ಚಳಿಯಲ್ಲಿ ಹರಳುಗಟ್ಟುವುದು ಕಲಬೆರಕೆಯ ಗುರುತೇ ಎಂಬ ಅಳುಕು. ಹರಳುಗಟ್ಟುವುದು ಜೇನಿನ ಸಹಜ ಗುಣವೆಂದು ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಕಾಚಂಪುಳಿಯನ್ನು ಹೆಸರು ಕೇಳಿ ಮೊದಲ ಸಲ ಆರಿಸಿದವರಿಗೆ, ಅದು ಹಣ್ಣಿನ ರಸವನ್ನು ಕಾಯಿಸಿ ಗಟ್ಟಿ ಮಾಡಿದ ಕಪ್ಪು ಹುಳಿ, ಒಂದು ಸಲದ ಪಂದಿಕರಿಗೆ (ಹಂದಿಮಾಂಸದ ಅಡುಗೆಗೆ) ಕೆಲವೇ ಚಮಚ ಸಾಕು ಎಂದು ತಿಳಿಸಿದರೆ ಸಣ್ಣ ಬಾಟಲಿಯ ಬೆಲೆ ಹೆಚ್ಚೆನಿಸುವುದಿಲ್ಲ. ಇಂಥ ಸಾಲುಗಳನ್ನು ಸಾಮಾನಿಗೊಂದರಂತೆ ಬರೆದಿಟ್ಟುಕೊಂಡು ಪತ್ರದಲ್ಲಿ ಸೇರಿಸುವ ಅವಕಾಶ ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿದೆ.

ರಿಯಾಯಿತಿಯ ಆಸೆ ತೋರಿಸುವುದು ಸುಲಭ, ಅದರ ಲೆಕ್ಕ ಮಾತ್ರ ಕಷ್ಟದ್ದು. 400 ರೂಪಾಯಿಯ ಪುಡಿಯಲ್ಲಿ ಬೀಜ, ಹುರಿಯುವ ಖರ್ಚು, ಪೊಟ್ಟಣ, ತೆರಿಗೆ ಕಳೆದು 100 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ, ಶೇ 10ರ ರಿಯಾಯಿತಿ ಲಾಭದಲ್ಲಿ 40 ರೂಪಾಯಿ ನುಂಗುತ್ತದೆ. ಕಾರ್ಟ್ ಬಿಟ್ಟುಹೋದರೆ ಕೂಪನ್ ಬರುತ್ತದೆಂದು ಒಮ್ಮೆ ಗೊತ್ತಾದ ಗಿರಾಕಿ ಮುಂದಿನ ಸಲ ಬೇಕೆಂದೇ ಬಿಟ್ಟುಹೋಗುತ್ತಾರೆ. ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೆ ಇದರಿಂದ ಅನ್ಯಾಯ. ಇದಕ್ಕಿಂತ ಸಾಗಣೆಯ ತೂಕದ ಲೆಕ್ಕವನ್ನೇ ಗಿರಾಕಿಯ ಅನುಕೂಲಕ್ಕೆ ಬಳಸಬಹುದು. ಪೆಟ್ಟಿಗೆ ಸೇರಿ 600 ಗ್ರಾಂ ತೂಗುವ ಪಾರ್ಸೆಲ್‌ಗೆ ಹೇಗೂ ಒಂದು ಕೆ.ಜಿ.ಯ ಶುಲ್ಕ ಬೀಳುತ್ತದೆ. ಇನ್ನೊಂದು ಕಾಲು ಕೆ.ಜಿ. ಸೇರಿಸಿಕೊಂಡರೂ ಸಾಗಣೆ ಅಷ್ಟೇ ಎಂದು ಬರೆದರೆ ಅಂಗಡಿಗೆ ಕೈಯಿಂದ ಹೋಗುವುದು ಏನೂ ಇಲ್ಲ.

ಇಲ್ಲದ ಆತುರ ಹುಟ್ಟಿಸುವುದಂತೂ ಕೂಡದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಬಗೆಯ ಮೋಸದ ತಂತ್ರಗಳಲ್ಲಿ ಸುಳ್ಳು ಆತುರ, ಬೆಲೆಯನ್ನು ಮುಚ್ಚಿಟ್ಟು ಕೊನೆಗೆ ತೋರಿಸುವುದು, ಬೆನ್ನುಬಿದ್ದು ಪೀಡಿಸುವುದು ಮೂರೂ ಸೇರಿವೆ. ಗೋದಾಮು ತುಂಬ ಮಾಲಿದ್ದೂ ಎರಡೇ ಪೊಟ್ಟಣ ಉಳಿದಿವೆ ಎಂದು ಬರೆಯುವುದು ಇದರಡಿ ಬರುತ್ತದೆ. ಆ ವರ್ಷದ ಜೇನು ನಿಜವಾಗಿ ಮುಗಿಯುತ್ತ ಬಂದಿದ್ದರೆ ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲೇ ಕಾಯ್ದೆ ಬಂದಿದೆ. ಆರ್ಡರ್‌ಗೆಂದು ಕೊಟ್ಟ ಇಮೇಲ್ ವಿಳಾಸವನ್ನು ಕೇಳದೆ ಹಬ್ಬದ ಜಾಹೀರಾತಿನ ಪಟ್ಟಿಗೆ ಸೇರಿಸುವುದು ಸಲ್ಲದು. ಪತ್ರ ಬೇಡವೆಂದು ತಿಳಿಸುವ ಕೊಂಡಿ ಪ್ರತಿ ಪತ್ರದಲ್ಲೂ ಇರಬೇಕು.

ಪತ್ರ ಸ್ಪ್ಯಾಮ್‌ಗೆ ಬೀಳದಿರಲು ಅಂಗಡಿಗೆ ತನ್ನದೇ ಡೊಮೇನ್‌ನ ವಿಳಾಸ ಬೇಕು. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ, ಕಳಿಸುವವರ ಗುರುತನ್ನು ದೃಢಪಡಿಸುವ ಎಸ್‌ಪಿಎಫ್, ಡಿಕಿಮ್ ವ್ಯವಸ್ಥೆಗಳ ವಿಷಯದಲ್ಲಿ ಬಿಗಿಯಾಗಿವೆ. ಡೊಮೇನ್ ಕೊಂಡಲ್ಲೇ ಅದರ ಸೆಟ್ಟಿಂಗ್‌ನಲ್ಲಿ ಒಂದೆರಡು ಸಾಲು ಸೇರಿಸಿದರೆ ಈ ಕೆಲಸ ಮುಗಿಯುತ್ತದೆ.

ಸಾಫ್ಟ್‌ವೇರ್‌ಗೆ ಮಳೆಗಾಲ ತಿಳಿಯದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿಯೇ ಮುಚ್ಚಿತ್ತು. ದೊಡ್ಡ ಅನಾಹುತವಿಲ್ಲದ ವರ್ಷದಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು, ನೆಟ್‌ವರ್ಕ್ ಕೈಕೊಡುವುದುಂಟು. ಮಂಗಳವಾರ ಕಳಿಸುತ್ತೇವೆಂಬ ಸಾಲನ್ನು ಆಗ ತಿದ್ದಬೇಕು, ಇಲ್ಲವೇ ಪತ್ರಗಳನ್ನೇ ನಿಲ್ಲಿಸಬೇಕು. ಮಾಲು ಮುಗಿದಾಗಲೂ ಹಾಗೆಯೇ. ಕಾರ್ಟ್ ಬಿಟ್ಟವರು ಫೋನ್ ಮಾಡಿ ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಕೊಡುವುದು ಇಲ್ಲಿ ಸಾಮಾನ್ಯ. ಅದನ್ನು ಅಂಗಡಿಯ ಲೆಕ್ಕದಲ್ಲಿ ದಾಖಲಿಸದಿದ್ದರೆ, ಪಾರ್ಸೆಲ್ ಕೈಸೇರಿದವರಿಗೂ ನಿಮ್ಮ ಪುಡಿ ಕಾಯುತ್ತಿದೆ ಎಂಬ ಪತ್ರ ಹೋಗುತ್ತದೆ.

ಫಲ ಅಳೆಯುವಾಗ ಎಷ್ಟು ಜನ ಪತ್ರ ತೆರೆದರು ಎಂಬ ಅಂಕಿಯನ್ನು ನಂಬುವಂತಿಲ್ಲ. 2021ರಲ್ಲಿ ಆ್ಯಪಲ್ ತನ್ನ ಮೇಲ್‌ನಲ್ಲಿ ತಂದ ಗೋಪ್ಯತೆಯ ವ್ಯವಸ್ಥೆಯಿಂದ, ಓದದ ಪತ್ರವೂ ಓದಿದಂತೆ ದಾಖಲಾಗುತ್ತದೆ. ಬಂದ ಆರ್ಡರ್ ಎಣಿಸಬೇಕು. ಅದರಲ್ಲೂ ಕೆಲವರು ಪತ್ರವಿಲ್ಲದಿದ್ದರೂ ಮರಳಿ ಬರುತ್ತಿದ್ದವರೇ ಎಂಬುದು ನೆನಪಿರಬೇಕು. ತಿಂಗಳಿಗೆ 40 ಕಾರ್ಟ್ ಉಳಿಯುವ ಅಂಗಡಿಯಲ್ಲಿ 25 ಜನರ ಇಮೇಲ್ ಸಿಕ್ಕಿ ಮೂವರು ಕೊಂಡರೆ, ಮುಂದಿನ ತಿಂಗಳು ಒಬ್ಬರೇ ಕೊಂಡರೆ, ಅದರಿಂದ ಏನನ್ನೂ ತೀರ್ಮಾನಿಸಲಾಗದು. ಕೊಯ್ಲಿನಿಂದ ಕೊಯ್ಲಿಗೆ ಒಂದು ವರ್ಷದ ಲೆಕ್ಕ ಬೇಕು. ಪತ್ರಕ್ಕೆ ಬಂದ ಉತ್ತರಗಳು ಮಾತ್ರ ಮೊದಲ ತಿಂಗಳಿಂದಲೇ ಉಪಯೋಗಕ್ಕೆ ಬರುತ್ತವೆ. ನಾಲ್ಕು ಜನ ಸಾಗಣೆ ದುಬಾರಿ ಎಂದು ಬರೆದರೆ ಪೊಟ್ಟಣವನ್ನು ಅರ್ಧ ಕೆ.ಜಿ.ಯಿಂದ 400 ಗ್ರಾಂಗೆ ಇಳಿಸಿ, ಪೆಟ್ಟಿಗೆ ಸೇರಿ 500 ಗ್ರಾಂ ಮೀರದಂತೆ ನೋಡಿಕೊಳ್ಳಬಹುದು.